ಪ್ರಸ್ಥಾನಕ್ಕಿಟ್ಟ ಉತ್ತರಪತ್ರಿಕೆಗಳು

ಆ ಸಲ ಕ್ರಿಸ್‌ಮಸ್ ರಜೆಗೆ ನೈಜೀರಿಯಾದಿಂದ ಯಲಹಂಕಕ್ಕೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಅವ್ವನಿಗೊಂದು ಶಾಲು, ಅಣ್ಣನಿಗೊಂದು ಟೇಪ್ ರೆಕಾರ್ಡರ್, ಅವೆರಡರ ಕೆಳಗೆ ನಲವತ್ತೆರಡು ಗಣಿತದ ಉತ್ತರಪತ್ರಿಕೆಗಳಿದ್ದವು. ಬೊಂಬಾಯಿಯ ಕಸ್ಟಮ್ಸ್ ಅಧಿಕಾರಿ ಟೇಪ್ ರೆಕಾರ್ಡರ್ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಉತ್ತರಪತ್ರಿಕೆಗಳನ್ನು ಎತ್ತಿ ನೋಡಿ, "ಟೀಚರ್?" ಎಂದು ನಕ್ಕು ವಾಪಸ್ ಇಟ್ಟರು. ನನಗೆ ನಗು ಬರಲಿಲ್ಲ. ಅವು ಆ ಸೂಟ್‌ಕೇಸಿನಲ್ಲಿ ಇರಲೇಬಾರದಿತ್ತು.

ನಾನು ಕೆಲಸಕ್ಕಿದ್ದದ್ದು ಉತ್ತರ ನೈಜೀರಿಯಾದ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ. ಡಿಸೆಂಬರ್ ಬಂತೆಂದರೆ ಅಲ್ಲಿ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿ ಡೆಸ್ಕು, ಕರಿಹಲಗೆ, ಊಟದ ತಟ್ಟೆ ಎಲ್ಲದರ ಮೇಲೂ ಸಣ್ಣ ಧೂಳು ಕೂರುತ್ತಿತ್ತು. ಅದೇ ಹೊತ್ತಿಗೆ ಕೊನೆಯ ವರ್ಷದ ಹುಡುಗಿಯರಿಗೆ ಒಂದು ಆಯ್ಕೆ ಪರೀಕ್ಷೆ. ಅದರಲ್ಲಿ ನೂರಕ್ಕೆ ನಲವತ್ತು ಬಂದವರ ಹೆಸರನ್ನು ಮಾತ್ರ ಶಾಲೆ ಮುಂದಿನ ಪಬ್ಲಿಕ್ ಪರೀಕ್ಷೆಗೆ ಕಳಿಸುತ್ತಿತ್ತು. ಬರದವರು ಒಂದು ವರ್ಷ ಕಾಯಬೇಕು. ಎರಡನೇ ಸಲವೂ ಬರದಿದ್ದರೆ ಹಾಸ್ಟೆಲ್ ಖಾಲಿ ಮಾಡಿ ಮನೆಗೆ.

ಆ ವರ್ಷ ಪರೀಕ್ಷೆ ಎರಡು ದಿನ ತಡವಾಗಿ ಮುಗಿಯಿತು. ಮಾರನೆಯ ಬೆಳಿಗ್ಗೆಯೇ ನನ್ನ ಪ್ರಯಾಣ. ಪ್ರಿನ್ಸಿಪಾಲರು ಅಲ್ಲಿಯವರೇ, ಮಾತು ಕಡಿಮೆ, ಕಣ್ಣು ಮಾತ್ರ ಬಲು ಚುರುಕು. ಅವರದೊಂದು ಕಟ್ಟಪ್ಪಣೆ: ಉತ್ತರಪತ್ರಿಕೆ ಶಾಲೆಯ ಆವರಣ ದಾಟಬಾರದು. ತಿದ್ದಿ ಮುಗಿಸಿ ಹೋಗು, ಇಲ್ಲ ಬೀರುವಿನಲ್ಲಿಟ್ಟು ರಜೆ ಮುಗಿಯುವ ಮೊದಲೇ ಬಂದು ತಿದ್ದು. ನಾನು ರಿಜಿಸ್ಟರಿನಲ್ಲಿ 'ಬೀರುವಿನಲ್ಲಿ ಇಟ್ಟಿದ್ದೇನೆ' ಎಂದು ಬರೆದು ಸಹಿ ಹಾಕಿ, ಕಟ್ಟನ್ನು ಸೀರೆಗಳ ಮಧ್ಯೆ ತುರುಕಿದೆ. ಎರಡು ವರ್ಷದ ಮೇಲೆ ಊರಿಗೆ ಹೊರಟಿದ್ದೆ, ನಾಲ್ಕು ದಿನ ಮೊದಲೇ ವಾಪಸ್ ಬರಲು ಮನಸ್ಸಿರಲಿಲ್ಲ. ಮೂವತ್ತನಾಲ್ಕು ವರ್ಷದ ಗಣಿತದ ಟೀಚರು ಶಾಲೆಯ ಹುಡುಗಿಯ ಹಾಗೆ ಸುಳ್ಳು ಬರೆದಳು ಅಂದುಕೊಳ್ಳಿ, ಅಷ್ಟೇ.

ಹೊರಡುವ ಮೊದಲು ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಎರಡನೇ ಸಲ ಪರೀಕ್ಷೆ ಬರೆದವಳು. ಈ ಸಲ ಆಗದಿದ್ದರೆ ಅವಳಪ್ಪ ಇನ್ನು ಕಳಿಸುವುದಿಲ್ಲ ಎಂದು ಹೇಳಿಯಾಗಿತ್ತು. "ಮೇಡಂ, ನಾಲ್ಕನೇ ಲೆಕ್ಕ ಹೊಡೆದುಹಾಕಿ ಕೊನೆಯ ಪುಟದಲ್ಲಿ ಮತ್ತೆ ಮಾಡಿದ್ದೇನೆ. ಮಧ್ಯೆ ಖಾಲಿ ಪುಟ ಇದೆ. ದಯವಿಟ್ಟು ಕೊನೆಯ ಪುಟ ತಿರುಗಿಸಿ ನೋಡಿ," ಎಂದಳು. "ಆಯಿತು, ಆಯಿತು," ಎಂದೆ. ನನ್ನ ತಲೆಯಲ್ಲಿ ವಿಮಾನವಿತ್ತು.

ನಮ್ಮದು ಧಾರವಾಡದ ಕಡೆಯ ಮನೆತನ. ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಅವ್ವನೂ ಅವನೂ ಯಲಹಂಕದ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದರು. ಸುತ್ತ ಅರ್ಧ ಕಟ್ಟಿದ ಮನೆಗಳು, ಆಚೆಗೆ ದ್ರಾಕ್ಷಿ ತೋಟ, ತಲೆಯ ಮೇಲೆ ಆಗಾಗ ತರಬೇತಿ ವಿಮಾನದ ಸದ್ದು. ಎದುರು ಮನೆಯಲ್ಲಿ ಅಣ್ಣನ ಜೊತೆ ಕೆಲಸ ಮಾಡುವವರ ಸಂಸಾರ. ಆ ಮನೆಯಾಕೆಗೂ ಅವ್ವನಿಗೂ ಬಲು ಬಳಕೆ. ಅಲ್ಲಿಂದ ಹಿತಕಿದ ಅವರೆಬೇಳೆ ಸಾರು ಬರುತ್ತಿತ್ತು, ಇಲ್ಲಿಂದ ರೊಟ್ಟಿ, ಶೇಂಗಾ ಹಿಂಡಿ ಹೋಗುತ್ತಿತ್ತು.

ತಿದ್ದುವುದರಲ್ಲಿ ನನ್ನದೊಂದು ಪದ್ಧತಿ. ಮೊದಲ ಸುತ್ತು ಕೆಂಪು ಶಾಯಿ. ಹೆಸರಿರುವ ಅಂಚನ್ನು ಹಿಂದಕ್ಕೆ ಮಡಚಿಬಿಡುತ್ತೇನೆ, ಯಾರದೆಂದು ಗೊತ್ತಾದರೆ ಕೈ ಒಂದೋ ಸಡಿಲವಾಗುತ್ತದೆ, ಇಲ್ಲ ಬಿಗಿಯಾಗುತ್ತದೆ. ಎರಡು ದಿನ ಬಿಟ್ಟು ಎರಡನೇ ಸುತ್ತು ಹಸಿರು ಶಾಯಿ: ಬಿಟ್ಟುಹೋದದ್ದು, ಕೂಡುವಾಗ ತಪ್ಪಿದ್ದು. ಅದಾದ ಮೇಲೆ ಒಂದೇ ಬಾರಿಗೆ ಕೂತು ಅಂಕಪಟ್ಟಿಗೆ ಇಳಿಸುವುದು. ಅಂದರೆ ಅಲ್ಲಿಯವರೆಗೆ ಅಂಕಗಳು ಉತ್ತರಪತ್ರಿಕೆಯ ಮೇಲಲ್ಲದೆ ಬೇರೆಲ್ಲೂ ಇರುವುದಿಲ್ಲ.

ಮೊದಲ ಸುತ್ತು ಬುಧವಾರ ಮುಗಿಯಿತು. ಮುಗಿಯಿತು ಅನ್ನುವುದಕ್ಕಿಂತ ಮುಗಿಸಿದೆ. ಪರದೇಶದಿಂದ ಬಂದವಳನ್ನು ನೋಡಲು ಜನ ಬರುತ್ತಲೇ ಇದ್ದರು. ಅಲ್ಲಿ ಅಕ್ಕಿ ಸಿಗುತ್ತಾ, ಸೆಖೆ ಎಷ್ಟು, ಮದುವೆ ಯಾವಾಗ? ಉತ್ತರ ಹೇಳುತ್ತಾ ಒಂದು ಲೆಕ್ಕ, ಕಾಫಿ ಕುಡಿಯುತ್ತಾ ಒಂದು ಲೆಕ್ಕ. ಕಟ್ಟಿಗೆ ಕೆಂಪು ಲಾಡಿ ಬಿಗಿದು ಸೂಟ್‌ಕೇಸಿನ ಪಕ್ಕ ಇಟ್ಟೆ. ಮಂಗಳವಾರ ಸಂಜೆ ಬೊಂಬಾಯಿಗೆ ರೈಲು, ಗುರುವಾರ ವಿಮಾನ, ಮುಂದಿನ ಸೋಮವಾರ ಶಾಲೆ.

ಶನಿವಾರ ಬೆಳಿಗ್ಗೆ ಹಸಿರು ಪೆನ್ನು ಹಿಡಿದು ಕೂತರೆ ಕಟ್ಟು ಇಲ್ಲ. ಸೂಟ್‌ಕೇಸ್ ಬುಡಮೇಲು ಮಾಡಿದೆ. ಮಂಚದ ಕೆಳಗೆ, ಅಟ್ಟದ ಮೇಲೆ, ಅಣ್ಣನ ಹಳೇ ಪೇಪರಿನ ರಾಶಿಯಲ್ಲಿ ಎಲ್ಲ ಕಡೆ ಹುಡುಕಿದೆ. ಅವ್ವ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಇಷ್ಟು ಗದ್ದಲ ಮಾಡುತ್ತಿದ್ದರೂ ತಲೆ ಎತ್ತಲಿಲ್ಲ. ಅಲ್ಲೇ ನನಗೆ ಅನುಮಾನ ಬಂತು.

"ಅವ್ವಾ, ಇಲ್ಲಿದ್ದ ಪೇಪರ್ ಕಟ್ಟು ಎಲ್ಲಿ?"

"ಎಲ್ಲೂ ಹೋಗಿಲ್ಲ. ಜ್ವಾಕ್ಯಾಗಿ ಅದಾವ."

"ಎಲ್ಲಿ ಅಂತ ಕೇಳಿದೆ."

"ಎದುರು ಮನ್ಯಾಗ. ಗುರುವಾರ ದಿನಾ ಛಲೋ ಇತ್ತು, ಪ್ರಸ್ಥಾನ ಇಟ್ಟೇನಿ."

ಪ್ರಸ್ಥಾನ ಇಡುವುದೆಂದರೆ ಹೀಗೆ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ದಿನ ಪ್ರಯಾಣಿಕರ ಒಂದು ವಸ್ತುವನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುತ್ತಾರೆ. ಆ ಗಂಟು ಮನೆ ದಾಟಿತೆಂದರೆ ಪ್ರಯಾಣಿಕರು ಅಂದೇ ಹೊರಟ ಹಾಗೆ. ನಿಜವಾಗಿ ಹೊರಡುವಾಗ ಹಾದಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ಮಧ್ಯೆ ಮಾತ್ರ ಅದು ಮನೆಗೆ ವಾಪಸ್ ಬರಬಾರದು.

"ಮಂಗಳವಾರ ಹೆಣ್ಣಮಗಳು ಮನಿ ಬಿಟ್ಟು ಹೊಂಟರ ನನ್ನ ಜೀವಕ್ಕ ಹೆಂಗ ಆಗತದ, ನಿನಗೇನ ಗೊತ್ತು?" ಎಂದಳು ಅವ್ವ. "ಹೇಳಿದ್ರ ನೀ ನಗತಿದ್ದಿ. ಸೀರಿ ಇಡೂಣಂದ್ರ ನೀ ಉಡತಿಯೋ ಇಲ್ಲೋ. ಇದಾದ್ರ ನಿನ್ನ ವಿದ್ಯಾದ ವಸ್ತು, ಹೆಂಗೂ ಕೆಲಸ ಮುಗಿಸಿ ಕಟ್ಟಿಟ್ಟೀದಿ ಅಂತ ತಿಳಕೊಂಡೆ."

"ಮುಗಿದಿಲ್ಲವಾ! ಈಗ ಹೋಗಿ ತರತೀನಿ."

"ತರಬ್ಯಾಡ, ಅಲ್ಲೇ ಕೂತು ಮಾಡು," ಎಂದು ಅವ್ವ ಹೇಳುತ್ತಿರುವಾಗಲೇ ನಾನು ರಸ್ತೆ ದಾಟಿದ್ದೆ. ಎದುರು ಮನೆಯ ಬಾಗಿಲಿಗೆ ಅಂಗೈ ಅಗಲದ ಬೀಗ ಹಾಕಿತ್ತು.

ಆ ಮನೆಯವರು ಸಂಸಾರಸಮೇತ ಕಾಶಿಗೆ ಹೋಗಿದ್ದರು. ಕಾರ್ಖಾನೆಯವರು ಕೊಡುವ ಪ್ರವಾಸದ ರಜೆ. ರೈಲಿನಲ್ಲಿ ಜಾಗ ಸಿಗುವುದು ಅನುಮಾನವೆಂದು ಸುಮ್ಮನಿದ್ದವರು, ಶುಕ್ರವಾರ ಸಿಕ್ಕಿದ್ದೇ ತಡ, ಅವ್ವ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಹೊರಟಿದ್ದರು. ಅಣ್ಣನಿಗೆ ಮಾತ್ರ ಹೇಳಿದ್ದರು. ಅಣ್ಣನಿಗೆ ಗಂಟಿನ ವಿಷಯ ಗೊತ್ತಿಲ್ಲ, ಅವ್ವನಿಗೆ ಪ್ರಯಾಣದ ವಿಷಯ ಗೊತ್ತಿಲ್ಲ. ನನಗಂತೂ ಎರಡೂ ಗೊತ್ತಿರಲಿಲ್ಲ. ಅವರು ವಾಪಸ್ ಬರಲು ಇನ್ನೂ ಹತ್ತು ದಿನ.

"ಬೀಗದಕೈ ಅವರ ತಮ್ಮನ ಹತ್ತಿರ ಇರತದ, ಚಿಕ್ಕಬಾಣಾವರದಾಗ," ಎಂದ ಅಣ್ಣ. "ಸ್ಟೇಶನ್ ಹಿಂದ, ಹಿಟ್ಟಿನ ಗಿರಣಿ ಪಕ್ಕ ಅಂದಂಗ ನೆನಪು. ಆದ್ರ ನೀ ಯಾಕ ಇಷ್ಟು ಒದ್ದಾಡತಿ? ಕ್ಲಾಸ್ ಟೆಸ್ಟಿನ ಅಂಕ ನಿನ್ನ ಹಂತೇಕ ಅದಾವಲ್ಲ, ಅಂದಾಜಿನ ಮ್ಯಾಲೆ ಹಾಕಿಬಿಡು. ಯಾರು ಬಂದು ಕೇಳತಾರ?"

ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಧ್ಯಾಹ್ನ ಊಟ ಸೇರಲಿಲ್ಲ. ರಿಜಿಸ್ಟರಿನ ಸುಳ್ಳು ಸಹಿ ಕಣ್ಣ ಮುಂದೆ ಬರುತ್ತಿತ್ತು. ಪ್ರಿನ್ಸಿಪಾಲರು ಬೀರು ತೆರೆದರೆ ನನ್ನ ಕೆಲಸ ಹೋಗುವುದು ಖಂಡಿತ. ಅಂಕಪಟ್ಟಿ ಕೈಯಲ್ಲಿದ್ದರೆ ಬೀರು ತೆರೆಯುವ ಪ್ರಸಂಗವೇ ಬಾರದು. ಸಂಜೆಯ ಹೊತ್ತಿಗೆ ನಾನು ಟೆಸ್ಟಿನ ಪುಸ್ತಕ ತೆರೆದು, ಅಣ್ಣ ಹೇಳಿದ್ದನ್ನೇ ಮಾಡುತ್ತಿದ್ದೆ. ನಲವತ್ತೆರಡು ಸಾಲು. ಜಾಣೆಯರ ಸಾಲು ಸಲೀಸಾಗಿ ಹೋದವು. ಹದಿನೇಳನೇ ಸಾಲು ಆ ಹುಡುಗಿಯದು. ಟೆಸ್ಟುಗಳಲ್ಲಿ ಅವಳದು ಇಪ್ಪತ್ತೆಂಟು, ಮೂವತ್ತನಾಲ್ಕು. ನಾನು ಮೂವತ್ತೊಂದು ಎಂದು ಬರೆದೆ. ಅಂದಾಜು ಎಂದ ಮೇಲೆ ಅದೇ ನ್ಯಾಯ ತಾನೇ?

ಭಾನುವಾರ ಬೆಳಿಗ್ಗೆ ಪಟ್ಟಿಯನ್ನು ಕೈಚೀಲದಲ್ಲಿಟ್ಟುಕೊಂಡು ಚಿಕ್ಕಬಾಣಾವರಕ್ಕೆ ಹೊರಟೆ. ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಯಶವಂತಪುರ, ಅಲ್ಲಿಂದ ಪ್ಯಾಸೆಂಜರ್ ರೈಲು. ಭಾನುವಾರದ ಬಸ್ಸಿಗೆ ಅವಸರವೆಂಬುದಿಲ್ಲ. ಗಿರಣಿಯೇನೋ ಸಿಕ್ಕಿತು, ಮನೆಯೂ ಸಿಕ್ಕಿತು. ಮನೆಯಾಕೆ ಅಂಗಳದಲ್ಲಿ ರಾಗಿ ಹರಡುತ್ತಿದ್ದಳು.

"ಅವ್ರು ಇಲ್ಲ ಕಣಕ್ಕ," ಎಂದಳು. "ಗಾರೆ ಕೆಲ್ಸಕ್ಕೆ ಹುಣಸಮಾರನಳ್ಳಿಗೆ ಓಗವ್ರೆ. ಅಲ್ಲೇ ಉಳ್ಕೊಂಡವ್ರೆ."

"ಬೀಗದಕೈ ಮನೇಲಿದ್ಯಾ ನೋಡಿ."

"ಅದೆಲ್ಲಿ ಮನೇಲಿಡ್ತಾರೆ? ಅಣ್ಣನ್ ಮನೆ ಬೀಗದಕೈ ಅಂತ ಉಡದಾರಕ್ಕೇ ಕಟ್ಕೊಂಡವ್ರೆ. ಮಂಗಳವಾರ ಬತ್ತೀನಿ ಅಂದವ್ರೆ. ಒಸಿ ಕುಂತ್ಕಳಿ, ಕಾಪಿ ಕಾಸ್ತೀನಿ."

ಹುಣಸಮಾರನಹಳ್ಳಿ ನಮ್ಮ ಯಲಹಂಕದ ಪಕ್ಕದಲ್ಲೇ ಇದೆ! ನಾನು ಊರಿಡೀ ಸುತ್ತಿ ಬೀಗದಕೈಯಿಂದ ದೂರ ಬಂದಿದ್ದೆ. ಅಲ್ಲೇ ಕೂತು ಅಳಬೇಕೆನ್ನಿಸಿತು. ಕಾಫಿ ಕುಡಿದೆ, ಯಾಕೆಂದರೆ ಆಕೆ ಮಾಡಿಬಿಟ್ಟಿದ್ದಳು.

ವಾಪಸ್ ಬರುವ ರೈಲಿನಲ್ಲಿ ಪಟ್ಟಿ ತೆಗೆದು ನೋಡುತ್ತಾ ಕೂತೆ. ಮೂವತ್ತೊಂದು. ಆಗ ಇದ್ದಕ್ಕಿದ್ದಂತೆ ಆ ಹುಡುಗಿ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು. ಕೊನೆಯ ಪುಟ. ಇಷ್ಟು ದಿನ ಒಮ್ಮೆಯೂ ನೆನಪಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಯಾವುದಾದರೂ ಉತ್ತರಪತ್ರಿಕೆಯ ಖಾಲಿ ಹಾಳೆ ದಾಟಿ ಕೊನೆಯ ಪುಟ ತಿರುಗಿಸಿದ್ದೆನೇ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಕಾಫಿ ನೆನಪಾಯಿತು, ಮದುವೆ ಯಾವಾಗ ಎಂದು ಕೇಳಿದವರ ಮುಖ ನೆನಪಾಯಿತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆ ಹುಡುಗಿ ವರ್ಷವಿಡೀ ಕೂತು ಕಲಿತದ್ದನ್ನು ನಾನು ನೋಡದೆಯೇ, ಯಲಹಂಕದ ಮಂಚದ ಮೇಲೆ ಕೂತು, ಮೂವತ್ತೊಂದು ಎಂದು ಬರೆದಿದ್ದೆ.

ಮನೆಗೆ ಬಂದವಳೇ ಪಟ್ಟಿಯನ್ನು ಬಚ್ಚಲ ಒಲೆಗೆ ಹಾಕಿದೆ. ನಾನು ಹೇಳಿದ್ದು ಕೇಳಿ ಅಣ್ಣ ಸೈಕಲ್ ಹತ್ತಿ ಹುಣಸಮಾರನಹಳ್ಳಿಗೆ ಹೋದ. ಕತ್ತಲಾಗುವ ಮುಂಚೆ ಬಂದು ಹೇಳಿದ್ದು ಇಷ್ಟು: ಅರ್ಧ ಎದ್ದ ಮನೆ ಸಿಕ್ಕಿತು, ಕೆಲಸದವರು ಯಾರೂ ಇರಲಿಲ್ಲ, ಎದುರಿನ ಅಂಗಡಿಯವರಿಗೆ ವಿಷಯ ಹೇಳಿ ಬಂದಿದ್ದೇನೆ.

"ಹೇಳತಾರಂತಾ?" ಎಂದೆ.

"ಹೇಳತೀನಿ ಅಂದಾರ. ನೋಡೋಣು."

ಸೋಮವಾರ ಬೆಳಿಗ್ಗೆ ತಂತಿ ಕಳಿಸಲು ತಾರು ಆಫೀಸಿಗೆ ಹೋದೆ. ಕಟ್ಟು ಸಿಗಲಿ, ಸಿಗದಿರಲಿ, ಪ್ರಿನ್ಸಿಪಾಲರಿಗೆ ನಾನೇ ಮೊದಲು ತಿಳಿಸಬೇಕು ಎಂದು ರಾತ್ರಿಯೇ ತೀರ್ಮಾನಿಸಿದ್ದೆ. ಸಿಕ್ಕಿದ ಮೇಲೆ ತಿಳಿಸುತ್ತೇನೆ ಎಂದು ಕಾದರೆ, ನನ್ನನ್ನು ನಾನು ಬಲ್ಲೆ, ತಿಳಿಸುವುದಿಲ್ಲ. ಫಾರಂ ಮೇಲೆ ಬರೆದದ್ದರ ಸಾರ ಹೀಗೆ: ಗಣಿತದ ಉತ್ತರಪತ್ರಿಕೆಗಳನ್ನು ನಿಮ್ಮ ಅನುಮತಿ ಇಲ್ಲದೆ ಭಾರತಕ್ಕೆ ತಂದಿದ್ದೇನೆ. ಸದ್ಯ ಕೈಯಲ್ಲಿಲ್ಲ. ಗುರುವಾರ ಹೊರಡುತ್ತೇನೆ. ನಾನು ಬಂದು ಸೇರುವವರೆಗೆ ಯಾವ ಹುಡುಗಿಯ ಹೆಸರನ್ನೂ ಬಿಡಬೇಡಿ.

ತಾರಿನ ಗುಮಾಸ್ತರು ಪೆನ್ಸಿಲ್ಲಿನಿಂದ ಪದ ಎಣಿಸುತ್ತಾ ತಲೆ ಎತ್ತಿದರು. "ಮೇಡಂ, ಫಾರಿನ್ ತಾರು, ಚಿಕ್ಕದಾಗಿದ್ರೆ ಒಳ್ಳೇದು. ಈ 'ವಿದೌಟ್ ಪರ್ಮಿಷನ್' ತೆಗೆದ್ರೂ ಅರ್ಥ ಆಗುತ್ತಲ್ವಾ?"

"ಅದು ಇರ್ಲಿ ಸರ್."

"ಸುಮ್ನೆ ಎರಡು ಪದ ಕಣ್ರೀ."

"ಆ ಎರಡು ಪದಕ್ಕೋಸ್ಕರಾನೇ ಬಂದಿರೋದು," ಎಂದೆ. ಅವರು ಮುದ್ರೆ ಒತ್ತಿದರು.

ಕೆಲಸ ಹೋಗುತ್ತದೆ, ಹೋಗಲಿ ಅನ್ನುವಷ್ಟು ಧೈರ್ಯ ನನಗಿರಲಿಲ್ಲ. ಆ ಸೋಮವಾರವಿಡೀ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತೆ. ಹಾಲಿನವರು ಬಂದರು, ಸೊಪ್ಪಿನವರು ಬಂದರು. ಗಾರೆ ಕೆಲಸದವರು ಬರಲಿಲ್ಲ. ಅವ್ವ ಎರಡು ಸಲ ಏನೋ ಹೇಳಲು ಬಂದು ಹಾಗೇ ಹಿಂದೆ ಹೋದಳು. ಸಂಜೆ ಮೂರನೇ ಸಲ ಬಂದು, "ನಂದ ತಪ್ಪಾತವಾ," ಎಂದಳು. "ನಿನ್ನ ಗಂಟು ಮುಟ್ಟಬಾರದಾಗಿತ್ತು."

"ಮೊದಲ ತಪ್ಪು ನಂದು, ಬಿಡು," ಎಂದು ರಿಜಿಸ್ಟರಿನ ವಿಷಯವನ್ನು ಅವಳಿಗೂ ಹೇಳಿದೆ. ಅವ್ವ ಬೈಯಬಹುದಿತ್ತು, ಬೈಯಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ, ನಾನು ಸೂಟ್‌ಕೇಸಿಗೆ ಬೀಗ ಹಾಕುತ್ತಿರುವಾಗ, ಸುಣ್ಣ ಮೆತ್ತಿದ ಕಾಲಿನ ಒಬ್ಬರು ಸೈಕಲ್ ಇಳಿದು ಗೇಟಿನ ಹೊರಗೆ ನಿಂತರು. "ಇಲ್ಯಾರೋ ಹೆಣ್ಮಗಳು ಬೀಗದಕೈಗೆ ಜೀವ ಬಿಡ್ತಾವ್ರೆ ಅಂತ ಅಂಗಡಿಯೋರು ಅಂದ್ರು. ನೀವೇನಾ?"

ನಾನು ಕೈ ಮುಗಿದೇಬಿಟ್ಟೆ. ಆದರೆ ವಿಷಯ ಕೇಳಿದ ಮೇಲೆ ಅವರು ತಲೆ ಕೆರೆದುಕೊಂಡರು. "ಅಂಗೆಲ್ಲ ಆಗಾಕಿಲ್ಲ ಕಣಕ್ಕ. ಅಣ್ಣ ಅತ್ತಿಗೆ ಇಲ್ದಿರುವಾಗ ಮನೆ ಬೀಗ ತೆಗ್ದು ವಸ್ತು ಕೊಟ್ರೆ ನಾಳೆ ನಾನೇನ್ ಉತ್ರ ಹೇಳ್ಲಿ? ನೀವು ಯಾರೋ, ಏನೋ."

ಅವರ ಮಾತಿನಲ್ಲಿ ತಪ್ಪೇನಿತ್ತು? ಅಪ್ಪಣೆಯಿಲ್ಲದೆ ವಸ್ತು ಸಾಗಿಸಬಾರದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿರದೆ ಹೋದದ್ದು ನನಗೆ. ಅಷ್ಟರಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು.

"ತಮ್ಮಾ, ನಮಗ ಕೊಡಬ್ಯಾಡ. ನೀನ ಒಳಗ ಹೋಗಿ ನೋಡು. ದೇವರ ಗೂಡಿನ ಕೆಳಗ ಹಸರ ಕುಬಸದ ಕಣದಾಗ ಕಟ್ಟಿದ ಗಂಟು ಅದ. ಬಿಚ್ಚು. ಮುಷ್ಟಿ ಅಕ್ಕಿ, ಐದು ಅಡಕಿ, ಒಂದು ಅರಿಷಿಣ ಕೊಂಬು. ಅದರ ಕೆಳಗ ಕೆಂಪು ಲಾಡಿ ಕಟ್ಟಿದ ಕಾಗದ. ಒಂದು ತಪ್ಪಿದ್ರೂ ಬಾಗಿಲಾ ಹಾಕಿ ಹೋಗು."

ಅವರು ಉಡದಾರದಿಂದ ಬೀಗದಕೈ ಬಿಚ್ಚಿ, ನಮ್ಮನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಒಳಗೆ ಹೋದರು. ಒಳಗಿನಿಂದ ಎಣಿಸುವುದು ಕೇಳಿಸಿತು: "ಒಂದು, ಎಲ್ಡು, ಮೂರು, ನಾಕು, ಐದು." ಹೊರಗೆ ಬಂದಾಗ ಎರಡು ಕೈಯಲ್ಲಿ ಹಸಿರು ಗಂಟು. "ಪ್ರಸ್ತಾನ ಅಂತ ಮೊದ್ಲೇ ಅಂದಿದ್ರೆ ಆಗ್ತಿತ್ತಲ್ಲಮ್ಮ. ನಮ್ಮವ್ವನೂ ಇಡ್ತಿತ್ತು," ಎಂದರು.

ಗಂಟನ್ನು ಎದೆಗೆ ಅವುಚಿಕೊಂಡು ಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. "ಏ ಹುಚ್ಚಿ, ಒಳಗ ತರಬ್ಯಾಡ!" ಎಂದು ಅವ್ವ ಕೂಗಿದಳು. ಇಷ್ಟೆಲ್ಲ ಆದ ಮೇಲೂ! ಸಿಟ್ಟು ಬರಬೇಕಿತ್ತು, ನಗು ಬಂತು, ನಗುತ್ತಾ ಕಣ್ಣಲ್ಲಿ ನೀರೂ ಬಂತು. ಆಗಲಿ ಎಂದು ಎದುರು ಮನೆಯ ವರಾಂಡದಲ್ಲೇ ಕೂತೆ. ಅವ್ವ ಚಾಪೆ ತಂದಳು, ಊಟದ ತಟ್ಟೆಯನ್ನೂ ಅಲ್ಲಿಗೇ ತಂದಳು. ಗಾರೆ ಕೆಲಸದವರಿಗೂ ಒಂದು ತಟ್ಟೆ. ಅವರು ಉಂಡು, ಬೀಗ ಹಾಕಿ, ನನ್ನನ್ನು ವರಾಂಡದಲ್ಲಿ ಬಿಟ್ಟು ಹೋದರು. ರೈಲಿನಲ್ಲಿ ತಿದ್ದಬಹುದಿತ್ತು, ಆದರೆ ಇನ್ನೊಂದು ಗಂಟೆ ತಡೆಯುವ ಶಕ್ತಿಯೂ ನನ್ನಲ್ಲಿರಲಿಲ್ಲ.

ಆ ದಿನ ಮಾತ್ರ ಪದ್ಧತಿ ಮುರಿದೆ. ಅಂಚು ಬಿಡಿಸಿ ಹೆಸರು ನೋಡಿ ಮೊದಲು ಹದಿನೇಳನೆಯದನ್ನು ತೆಗೆದೆ. ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ಕೈಬರಹ: ಮೂವತ್ತಾರು. ನಾಲ್ಕನೇ ಲೆಕ್ಕಕ್ಕೆ ಅಡ್ಡಗೀಟು, ಪಕ್ಕದಲ್ಲಿ ಸೊನ್ನೆ. ಖಾಲಿ ಪುಟ ತಿರುಗಿಸಿದೆ, ಇನ್ನೊಂದು ಖಾಲಿ ಪುಟ ತಿರುಗಿಸಿದೆ. ಕೊನೆಯ ಪುಟದಲ್ಲಿ ನಾಲ್ಕನೇ ಲೆಕ್ಕ, ಸಣ್ಣ ಅಕ್ಷರದಲ್ಲಿ, ಒಂದೊಂದು ಹೆಜ್ಜೆಯೂ ಸರಿಯಾಗಿ. ಆ ಪುಟದ ಮೇಲೆ ನನ್ನ ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ಹಸಿರು ಶಾಯಿಯಲ್ಲಿ ಹನ್ನೊಂದು ಅಂಕ ಕೊಟ್ಟೆ. ಕೂಡಿದೆ. ನಲವತ್ತೇಳು. ಕೂಡಿದ್ದು ಸರಿಯೇ ಎಂದು ಮೂರು ಸಲ ನೋಡಿದೆ.

ಉಳಿದ ನಲವತ್ತೊಂದನ್ನೂ ಕೊನೆಯ ಪುಟದವರೆಗೆ ತಿರುಗಿಸಿ, ಪಟ್ಟಿಗೆ ಇಳಿಸಿ ಮುಗಿಸುವಷ್ಟರಲ್ಲಿ ಮೂರೂವರೆ. ಆಟೋ ಬಂದು ನಿಂತಿತು. ಅಣ್ಣ ಸೂಟ್‌ಕೇಸ್ ಎತ್ತಿಟ್ಟ. ನಾನು ಎದುರು ಮನೆಯ ಮೆಟ್ಟಿಲಿನಿಂದಲೇ ಗಂಟು ಹಿಡಿದು ಹತ್ತಿದೆ. ಅವ್ವ ತ್ರಾಸಿಲ್ಲದೆ ನಿಂತಿದ್ದಳು, ಅವಳ ಲೆಕ್ಕದಲ್ಲಿ ನಾನು ಗುರುವಾರವೇ ಹೊರಟವಳು.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಮೇಜಿನ ಗಾಜಿನ ಕೆಳಗೆ ನನ್ನ ತಾರು ಇತ್ತು. ಅವರು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಎಣಿಸಿದರು. ಹದಿನೇಳನೆಯದರ ಮೇಲೆ ಕೆಂಪಿನ ಮೂವತ್ತಾರು, ಹಸಿರಿನ ನಲವತ್ತೇಳು ಎರಡನ್ನೂ ನೋಡಿ, ಕೊನೆಯ ಪುಟ ತಿರುಗಿಸಿ ತಾವೇ ಲೆಕ್ಕ ಓದಿದರು. ಆಮೇಲೆ ರಿಜಿಸ್ಟರ್ ನನ್ನ ಮುಂದೆ ತಳ್ಳಿದರು. ಹಳೆಯ ಸಾಲು ಹೊಡೆದು, ನಿಜ ಏನೆಂದು ಬರೆದು, ಸಹಿ ಹಾಕಿದೆ. "ತಾರು ಬರದೇ ಇದ್ದಿದ್ದರೆ ಇವತ್ತು ನಿಮ್ಮನ್ನು ಕೆಲಸದಿಂದ ತೆಗೆದು ವಾಪಸ್ ಟಿಕೆಟ್ಟಿಗೆ ಬರೆಯುತ್ತಿದ್ದೆ," ಎಂದರು. ಮುಂದಿನ ಎರಡು ಕ್ರಿಸ್‌ಮಸ್‌ಗೆ ನನಗೆ ರಜೆ ಇಲ್ಲವೆಂದರು. ಒಪ್ಪಿಕೊಂಡೆ.

ಮಧ್ಯಾಹ್ನ ಪಟ್ಟಿ ಹಚ್ಚಿದರು. ಆ ಹುಡುಗಿ ಓಡಿ ಬಂದು ಸ್ಟಾಫ್ ರೂಮಿನ ಅದೇ ಬಾಗಿಲಲ್ಲಿ ನಿಂತಳು. ಮುಖವೆಲ್ಲ ನಗು, ಕೆನ್ನೆಯ ಮೇಲೆ ಧೂಳು.

"ಮೇಡಂ, ಕೊನೆಯ ಪುಟ ತಿರುಗಿಸಿ ನೋಡಿದಿರಿ ಅಲ್ಲವೇ?"

"ನೋಡಿದೆ," ಎಂದೆ.

"ನನಗೆ ಗೊತ್ತಿತ್ತು," ಎಂದಳು. "ರಜೆಯೆಲ್ಲ ಎಲ್ಲರೂ ಹೆದರಿಸಿದರು. ನಾನು ಮಾತ್ರ ಹೆದರಲಿಲ್ಲ. ಮೇಡಂ ಆಯಿತು ಅಂದಿದ್ದಾರೆ, ನೋಡೇ ನೋಡುತ್ತಾರೆ ಅಂದೆ."

ನಾನು ತಲೆ ತಗ್ಗಿಸಿ ಮೇಜಿನ ಮೇಲಿನ ಧೂಳು ಒರೆಸುತ್ತಾ ಕೂತೆ. ಅವಳು ಹೋದ ಎಷ್ಟೋ ಹೊತ್ತಿನವರೆಗೂ ತಲೆ ಎತ್ತಲಾಗಲಿಲ್ಲ.